ಸಂಚಕಾರ

ಜನವರಿ 3, ಶುಕ್ರವಾರ

ಈ ಡೈರಿಯನ್ನು ಕನ್ನಡದಲ್ಲಿ ಬರೆಯಬೇಕೆಂದು ತೀರ್ಮಾನಿಸಿದ್ದೇನೆ. ಇಂಗ್ಲಿಷಿನಲ್ಲಿ ಬರೆದರೆ ನನ್ನ ಸಿಟ್ಟೂ ವರದಿಯಾಗಿಬಿಡುತ್ತದೆ: ಕಾರಣ, ಪರಿಣಾಮ, ಶಿಫಾರಸು. ವಿಮಾನದ ಕಂಪನಿಗಳಲ್ಲಿ ವರದಿ ಬರೆದೂ ಬರೆದೂ ಬೇರೆ ಥರದ ವಾಕ್ಯ ಕೈಗೆ ಬರುವುದೇ ಇಲ್ಲ. ಶಾಲೆಯಲ್ಲಿ ಕನ್ನಡ ನನಗೆ ಎರಡನೇ ಭಾಷೆ. ಒತ್ತಕ್ಷರ ತಪ್ಪಿದರೂ ಇಲ್ಲಿ ಕೇಳುವವರಿಲ್ಲ.

ಇವತ್ತು ಚೇರ್ಮನ್ ಸರ್ ನನ್ನ ವರದಿಯನ್ನು ಕೈಯಲ್ಲಿ ಹಿಡಿದು ತೂಗಿದರು. ಓದಲಿಲ್ಲ, ತೂಗಿದರು.

‘ಮಮತ, ಇದು ಒಂದು ಕೇಜಿ ಐತಲ್ಲಮ್ಮ! ಬೋರ್ಡ್‌ನೋರು ಇದನ್ನ ಓದ್ಕೊಂಡ್ ಕೂತ್ರೆ ವಿಮಾನ ಬರೋ ಹೊತ್ಗೆ ಅವ್ರು ಮೇಲಕ್ ಹೋಗಿರ್ತಾರೆ. ಎರಡು ಪೇಜಿಗೆ ಇಳ್ಸು’ ಎಂದರು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಕಾರಿನಲ್ಲಿ ಕುಳಿತು ಸ್ಟೇರಿಂಗಿಗೆ ಗುದ್ದಿದೆ.

ಪಯಣ ಏರ್‌ವೇಸ್ ಸಣ್ಣ ಕಂಪನಿ. ದೇವನಹಳ್ಳಿಯಿಂದ ಚಿಕ್ಕ ಊರುಗಳಿಗೆ ಪ್ರೊಪೆಲರ್ ವಿಮಾನ ಹಾರಿಸುತ್ತೇವೆ. ಹಳೆಯವು ಸವೆದಿವೆ, ಹೊಸದಾಗಿ ಇಪ್ಪತ್ತು ಕೊಳ್ಳಬೇಕು. ಮಾರಲು ನಿಂತವರು ಇಬ್ಬರು: ಆಲ್ವೆರ್, ಕೊರ್ಡಾನ್. ಯಾವುದನ್ನು ಕೊಳ್ಳಬೇಕೆಂದು ಲೆಕ್ಕ ಹಾಕಿ ಹೇಳುವುದು ನನ್ನ ಕೆಲಸ. ಒಂದೂವರೆ ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ.

ಆಲ್ವೆರ್ ಕಡಿಮೆ ಎಣ್ಣೆ ಕುಡಿಯುತ್ತದೆ. ಈಗಿರುವ ವಿಮಾನಗಳೂ ಅವರವೇ, ಪೈಲಟ್‌ಗಳಿಗೆ ಹೊಸದಾಗಿ ಕಲಿಸಬೇಕಿಲ್ಲ. ಇವು ಸಣ್ಣ ಲಾಭಗಳಲ್ಲ. ಕೊರ್ಡಾನಿನ ಎಂಜಿನ್ ದೊಡ್ಡದು, ಎಣ್ಣೆ ಹೆಚ್ಚು, ಪೈಲಟ್‌ಗಳು ಮೊದಲಿನಿಂದ ಕಲಿಯಬೇಕು. ಆದರೆ ಅದು ಬಿಸಿಲಿನಲ್ಲಿ ಏಳುತ್ತದೆ. ಹೊಸ ಆಲ್ವೆರ್ ಏಳುವುದಿಲ್ಲ. ಮೈ ಉದ್ದ ಮಾಡಿದ್ದಾರೆ, ಎಂಜಿನ್ ಹಳೆಯ ಶಕ್ತಿಯದೇ. ಕಾದ ಗಾಳಿ ತೆಳುವಾಗಿರುತ್ತದೆ, ರೆಕ್ಕೆಗೆ ಹಿಡಿತ ಸಿಗುವುದಿಲ್ಲ. ರನ್‌ವೇಯೂ ಗಿಡ್ಡವಾಗಿದ್ದರೆ ಒಂದಿಷ್ಟು ಜನರನ್ನು ಕೆಳಗಿಳಿಸದೆ ವಿಮಾನ ಮೇಲೇಳದು.

ಕಳೆದ ಏಪ್ರಿಲಿನಲ್ಲಿ ಉತ್ತರದ ಕಡೆಯ ಅಂಥದೊಂದು ನಿಲ್ದಾಣದಲ್ಲಿ, ಮಧ್ಯಾಹ್ನ ನಲವತ್ತು ಡಿಗ್ರಿಯಲ್ಲಿ, ನಾನೇ ಕೌಂಟರಿನ ಹತ್ತಿರ ನಿಂತಿದ್ದೆ. ಪರೀಕ್ಷೆಗೆಂದು ಬಾಡಿಗೆಗೆ ತಂದಿದ್ದ ಹೊಸ ಆಲ್ವೆರ್ ಹನ್ನೆರಡು ಜನರನ್ನು ಬಿಟ್ಟು ಹೋಗಬೇಕಿತ್ತು. ಕೊನೆಗೆ ಟಿಕೆಟ್ ತೆಗೆದವರು ಮೊದಲು ಇಳಿಯಬೇಕೆಂಬುದು ನಿಯಮ. ಕೀಮೋಗೆಂದು ಬೆಂಗಳೂರಿಗೆ ಹೊರಟಿದ್ದ ಹೆಂಗಸೊಬ್ಬಳು ಆ ಹನ್ನೆರಡರಲ್ಲಿ ಬಂದಳು. ಭಾರ ಇಳಿಸಬೇಕಾಗಿದೆ ಎಂದು ವಿವರಿಸಿದೆ. ಆಕೆ ಜಗಳವಾಡಲಿಲ್ಲ. ಸೆರಗು ಹೊದ್ದುಕೊಂಡು, ‘ನಾ ಅಷ್ಟ್ ಭಾರ ಅದೀನೇನ್ರೀ?’ ಎಂದು ಕೇಳಿದಳು. ಮೂಳೆ ಚರ್ಮ ಬಿಟ್ಟರೆ ಮೈಯಲ್ಲಿ ಏನೂ ಇರಲಿಲ್ಲ.

ಅದನ್ನು ಎರಡು ಪುಟಕ್ಕೆ ಇಳಿಸಬೇಕು.

ಇನ್ನೊಂದು ಕಡೆಯಿಂದ ನೋಡಿದರೆ, ಬೋರ್ಡಿನವರಿಗೆ ನಿಜವಾಗಿಯೂ ಸಮಯವಿಲ್ಲ. ಎರಡು ಪುಟದಲ್ಲಿ ಹೇಳಲು ಬಾರದಿದ್ದರೆ ಆ ತಪ್ಪು ನನ್ನದೂ ಇರಬಹುದು.

ಜನವರಿ 7, ಮಂಗಳವಾರ

ಕೊರ್ಡಾನ್ ಪ್ರತಿನಿಧಿ ಸುನಿಲ್‌ಕುಮಾರ್ ಬಂದಿದ್ದ. ನೆಲಮಂಗಲದವನು. ಮಾತಿಗೆ ಮೊದಲು ‘ನೋಡಿ ಮೇಡಂ’, ಮಾತಿನ ಕೊನೆಗೆ ‘ಏನಂತೀರಾ ಮೇಡಂ’. ಈ ಮಾರಾಟದ ಮಂದಿಯ ಸ್ಲೈಡುಗಳನ್ನು ಕಂಡರೆ ಮೈ ಉರಿಯುತ್ತದೆ. ಪ್ರತಿ ವಿಮಾನದ ಹಿಂದೆ ಹಿಮದ ಬೆಟ್ಟ. ನಾವು ಹಾರುವುದು ಜಾಲಿಮುಳ್ಳಿನ ಬಯಲಿಗೆ.

‘ಬೆಟ್ಟ ತೆಗೀರಿ. ಎಂಜಿನ್ ಬಿಚ್ಚಿದಾಗ ಏನೇನು ಸವೆದಿತ್ತು ಅಂತ ಬೇರೆ ಕಂಪನಿಗಳ ದಾಖಲೆ ತೋರಿಸಿ’ ಎಂದೆ.

‘ಅದು ಹೊರಗಡೆ ಕೊಡಲ್ಲ ಮೇಡಂ.’

‘ಹಾಗಾದರೆ ಕಾಫಿ ಕುಡಿದು ಹೊರಡಿ.’

ಎರಡು ಗಂಟೆಯಲ್ಲಿ ದಾಖಲೆ ಬಂತು. ಒಳ್ಳೆಯದೂ ಇತ್ತು, ಕೆಟ್ಟದ್ದೂ ಇತ್ತು, ಯಾವುದನ್ನೂ ಮುಚ್ಚಿರಲಿಲ್ಲ. ಅಷ್ಟು ಒರಟಾಗಿ ಮಾತಾಡಬಾರದಿತ್ತೇನೋ. ಆದರೆ ಮೆತ್ತಗೆ ಕೇಳಿದ್ದರೆ ಆತ ಬೆಟ್ಟವನ್ನೇ ತೋರಿಸುತ್ತಿದ್ದ.

ಸಂಜೆ ಅಮ್ಮ ಫೋನ್ ಮಾಡಿ, ‘ಹಬ್ಬಕ್ ಬತ್ತೀಯೋ ಇಲ್ವೋ ಒಂದೇ ಮಾತ್ನಾಗೆ ಹೇಳ್ಬುಡು’ ಎಂದಳು. ‘ಬರ್ತೀನಿ. ಬರ್ತೀಯೋ ಅನ್ನು ಅಮ್ಮ, ಬತ್ತೀಯೋ ಅಲ್ಲ’ ಎಂದು ತಿದ್ದಿದೆ. ನಲವತ್ತಾರು ವಯಸ್ಸಾದರೂ ಈ ಚಟ ಹೋಗಿಲ್ಲ. ‘ನೀನ್ ಬಂದ್ರೆ ಸಾಕು, ಹೆಂಗಾನಾ ಬಾ’ ಎಂದು ಫೋನ್ ಇಟ್ಟಳು.

ಜನವರಿ 9, ಗುರುವಾರ

ಒಳ್ಳೆಯ ಸುದ್ದಿ. ಕದ್ದು ಕೇಳಿದ್ದಲ್ಲ, ತಾನಾಗಿ ಕಿವಿಗೆ ಬಿದ್ದದ್ದು.

ಲಿಫ್ಟ್ ಕೆಟ್ಟಿತ್ತು. ಮೆಟ್ಟಿಲು ಹತ್ತುತ್ತಿದ್ದೆ. ಮೇಲಿನ ತಿರುವಿನಲ್ಲಿ ಚೇರ್ಮನ್ ಸರ್ ಫೋನಿನಲ್ಲಿದ್ದರು. ಅವರ ಮನೆಮಾತು ತೆಲುಗು, ಹೊಸಕೋಟೆ ಕಡೆ ಬಸ್ಸು ಓಡಿಸಿದ ಮನೆತನ. ಸ್ವಂತದವರ ಜೊತೆ ಅರ್ಧ ತೆಲುಗು ಅರ್ಧ ಕನ್ನಡ ಆಡುತ್ತಾರೆ.

‘ಏಯ್, ಅದೆಲ್ಲಾ ಮುಗ್ದೋದ್ ಕಥೆ ಕಣಪ್ಪಾ. ಆಲ್ವೆರ್‌ನೋರ್ಗೆ ಸಂಚಕಾರ ಆಗೋಗೈತೆ. ಇನ್ನೇನ್ ಯೋಚ್ನೆ ಇಲ್ಲ, ನೀನು ಆರಾಮಾಗಿರು.’

ಆಲ್ವೆರ್‌ನವರಿಗೆ ಸಂಚಕಾರ! ಪೇಪರಿನಲ್ಲಿ ದಿನಾ ಓದುತ್ತೇವಲ್ಲ, ಜೀವಕ್ಕೆ ಸಂಚಕಾರ, ಕೆರೆಗಳಿಗೆ ಸಂಚಕಾರ. ಅಂದರೆ ಅವರ ಕಥೆ ಮುಗಿದಿದೆ. ನನ್ನ ಒಂದು ಕೇಜಿಯನ್ನು ಯಾರೋ ಓದಿದ್ದಾರೆ. ಬಹುಶಃ ಚೇರ್ಮನ್ ಸರ್ ಅವರೇ ರಾತ್ರಿ ಮನೆಗೆ ಒಯ್ದು ಓದಿರಬೇಕು. ಎದುರಿಗೆ ತಮಾಷೆ ಮಾಡುತ್ತಾರೆ, ಒಳಗೆ ಕೆಲಸ ಬಲ್ಲವರು.

ಆ ಹೆಂಗಸಿನ ಹೆಸರೂ ನನಗೆ ನೆನಪಿಲ್ಲ. ಆದರೂ ಆಕೆಗೆ ಈ ಸುದ್ದಿ ಹೇಳಬೇಕೆನಿಸಿತು.

ಜನವರಿ 10, ಶುಕ್ರವಾರ

ಕಬ್ಬಿಣ ಕಾದಿರುವಾಗಲೇ ಎಂದುಕೊಂಡು ಸುನಿಲ್‌ಕುಮಾರ್‌ನನ್ನು ಕರೆಸಿದೆ.

‘ಬೆಲೆ ಇನ್ನೊಂದು ಸಲ ಇಳಿಸಿ. ಪೈಲಟ್‌ಗಳ ತರಬೇತಿ ನಿಮ್ಮ ಖರ್ಚಿನಲ್ಲಿ ಆಗಲಿ. ಅಷ್ಟಾದರೆ ಇದು ನಿಮ್ಮದೇ.’

ಆತ ಪೆನ್ನು ಕೆಳಗಿಟ್ಟ. ‘ಮೇಡಂ, ಹೋದ್ಸಲಾನೇ ತಳ ಕೆರೆದು ಕೊಟ್ಟಿದೀವಿ. ನಿಜ್ವಾಗ್ಲೂ ನಮ್ದೇನಾ? ನೀವ್ ಹೇಳ್ತಿದೀರಾ ಅಂದ್ರೆ ನಾನು ಹೆಡ್ಡಾಫೀಸಲ್ಲಿ ಕುತ್ಗೆ ಕೊಟ್ಟು ಮಾತಾಡ್ತೀನಿ.’

‘ನಾನು ಹೇಳುತ್ತಿದ್ದೇನೆ.’

ಕತ್ತಲಾಗುವ ಮೊದಲು ಎರಡಕ್ಕೂ ಒಪ್ಪಿಗೆ ಬಂತು. ಚೇರ್ಮನ್ ಸರ್‌ಗೆ ಕಳಿಸಿದೆ. ಹೆಬ್ಬೆರಳಿನ ಚಿತ್ರ ಬಂತು, ಅದರ ಹಿಂದೆಯೇ ‘ಸೂಪರ್ ಕಣಮ್ಮ’.

ಚೆನ್ನಾಗಿ ಚೌಕಾಸಿ ಮಾಡಿದೆನೆಂಬ ಹೆಮ್ಮೆ ಇದೆ. ಹೆಮ್ಮೆ ಪಡಬಾರದೆಂದೇನೂ ಇಲ್ಲವಲ್ಲ.

ಜನವರಿ 14, ಮಂಗಳವಾರ, ಸಂಕ್ರಾಂತಿ, ಸಮೇತನಹಳ್ಳಿ

ನಿಧಾನವಾಗಿ ಬರೆಯುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಹಿತ್ತಲಿನಲ್ಲಿ ಕುಳಿತಿದ್ದೆವು. ತಮ್ಮ ಮುನೀಂದ್ರ ಸಂಜೆ ಕಿಚ್ಚು ಹಾಯಿಸಲು ಹಸುಗಳ ಮೈ ತೊಳೆಯುತ್ತಿದ್ದ. ಅಮ್ಮ ಎಳ್ಳುಬೆಲ್ಲದ ತಟ್ಟೆ ಹಿಡಿದುಕೊಂಡು ಅವನ ಕೆಲಸದಲ್ಲಿ ತಪ್ಪು ಹುಡುಕುತ್ತಿದ್ದಳು.

‘ಅಕ್ಕಾ, ನಂದಗುಡೀಲಿ ಒಂದು ಹಸು ನೋಡ್ಕೊಂಡ್ ಬಂದೆ. ಏನ್ ಹಸು ಅಂತೀಯಾ! ಸಂಚಕಾರ ಆಗೋಗೈತೆ’ ಎಂದ.

‘ಅಯ್ಯೋ! ಏನಾಯ್ತು ಅದಕ್ಕೆ? ಕಾಲುಬಾಯಿ ಜ್ವರವಾ?’ ಎಂದೆ.

ಅವನು ಬಕೆಟ್ ಹಿಡಿದುಕೊಂಡು ನಿಂತೇಬಿಟ್ಟ. ಅಮ್ಮನಿಗೆ ನಗು ತಡೆಯಲಾಗದೆ ಬಾಯಲ್ಲಿದ್ದ ಎಳ್ಳು ಸೆರಗಿಗೆ ಬಿತ್ತು.

‘ಲೇ ಮುನಿಂದ್ರ, ನಿಮ್ಮಕ್ಕ ಇನ್ನೂ ಮನೇಗ್ ಬರ್ದಿರೋ ಹಸೂನ ಸಾಯ್ಸೇಬಿಟ್ಲಲ್ಲೋ!’

‘ಕಾನ್ವೆಂಟಿಗ್ ಕಳ್ಸಿದ್ದು ನೀನೇ ತಾನೆ, ಅನುಭವ್ಸು’ ಎಂದು ಅವನೂ ನಕ್ಕ. ‘ಸಂಚಕಾರ ಅಂದ್ರೆ ಅಡ್ವಾನ್ಸು ಕಣಕ್ಕ. ಮಾತಾಯ್ತು, ದುಡ್ಡು ಕೈಗಿಟ್ಟಾಯ್ತು. ಇನ್ ಆ ಹಸೂನ ಬೇರೆಯೋನು ಮುಟ್ಟಂಗಿಲ್ಲ, ನಾನೂ ಬೇಡ ಅನ್ನಂಗಿಲ್ಲ.’

ಅಡ್ವಾನ್ಸು. ನಗು ನನ್ನ ಮುಖದ ಮೇಲೆ ಹಾಗೇ ಒಣಗಿತು.

‘ಸಂಚಕಾರ ಕೊಟ್ಟ ಮೇಲೂ ಬೇರೆ ಹಸು ನೋಡೋಕೆ ಹೋಗ್ತಾರಾ?’ ಎಂದು ಕೇಳಿದೆ.

‘ಯಾಕ್ ಹೋಗ್ತಾರೆ? ಹೋದ್ರೆ ಸುಮ್ನೆ ಬೆಲೆ ಕೇಳ್ಕೊಂಡ್ ಬರೋಕೆ. ಇವನ ಹತ್ರ ಬಂದು “ನೋಡು, ಅಲ್ಲಿ ಇಷ್ಟಕ್ಕೇ ಕೊಡ್ತಾವ್ರೆ, ಬಾಕಿ ದುಡ್ಡಲ್ಲಿ ಮುರ್ಕೋ” ಅನ್ನೋಕೆ. ಅಂಥ ನನ್ಮಕ್ಳೂ ಅವ್ರೆ.’

‘ಆ ಎರಡನೇ ಹಸುವಿನವನಿಗೆ?’

‘ಅವನ್ಗೇನು? ಬಂದೋರ್ಗೆ ಕಾಫಿ ಕೊಟ್ಟಿದ್ದು ದಂಡ.’

ಅಮ್ಮ ನನ್ನನ್ನೇ ನೋಡುತ್ತಿದ್ದಳು. ‘ಅದ್ಯಾಕೆ ಮಕ ಹಂಗಾಯ್ತು ನಿಂದು? ಹಸು ಚೆನ್ನಾಗೈತೆ ಕಣೆ, ಎಳ್ಳು ತಿನ್ನು.’

ಆಲ್ವೆರ್‌ನವರಿಗೆ ಸಂಚಕಾರ ಆಗೋಗೈತೆ. ಇನ್ನೇನ್ ಯೋಚ್ನೆ ಇಲ್ಲ.

ಮುಂಗಡ ಕೊಟ್ಟಾಗಿದೆ. ನಾನು ಎರಡನೇ ಹಸುವಿನ ಮನೆಗೆ ಹೋಗಿ ಬೆಲೆ ಕೇಳಿಕೊಂಡು ಬಂದವಳು.

ಜನವರಿ 15, ಬುಧವಾರ

ನಾನು ತಪ್ಪಾಗಿ ತಿಳಿದಿರಬಹುದೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಒಂದು ಸಲ ತಪ್ಪು ತಿಳಿದವಳು ಎರಡನೇ ಸಲವೂ ತಿಳಿಯಬಹುದು. ಅದಕ್ಕೇ ನೇರವಾಗಿ ರಂಜಿತಳ ಕೋಣೆಗೆ ಹೋದೆ. ಹಣಕಾಸು ವಿಭಾಗ ಅವಳದು. ಹತ್ತು ವರ್ಷದಿಂದ ಒಟ್ಟಿಗೆ ಊಟ ಮಾಡುತ್ತಿದ್ದೇವೆ.

‘ಆಲ್ವೆರ್‌ಗೆ ಮುಂಗಡ ಹೋಗಿದೆಯಾ?’

ಅವಳು ಬಾಗಿಲು ಹಾಕಿ ಬಂದಳು. ‘ನವೆಂಬರಲ್ಲೇ ಹೋಯ್ತು. ಯಾಕೆ?’

‘ನಿನಗೆ ಗೊತ್ತಿತ್ತು.’

‘ನಾನೇ ಕಳ್ಸಿದ್ದು ಕಣೆ. ಬೋರ್ಡ್ ಒಪ್ಪಿದ್ಮೇಲೆ ಕಾಗದ ಸರಿ ಮಾಡ್ಕೊಳೋಣ ಅಂದ್ರು.’

‘ನನಗೆ ಯಾಕೆ ಹೇಳಲಿಲ್ಲ?’

ಆಗ ಅವಳು ನಿಜವಾಗಿ ಆಶ್ಚರ್ಯಪಟ್ಟಳು. ‘ನಿನ್ಗೆ ಗೊತ್ತಿಲ್ವಾ? ಅಯ್ಯೋ, ನಿನ್ಗೆ ಗೊತ್ತಿದ್ದೇ ಆಡ್ತಿದೀಯ ಅನ್ಕೊಂಡಿದ್ವಲ್ಲೇ! ಆ ಸುನಿಲ್‌ಕುಮಾರ್‌ನ ಹಿಂಡಿದ್ದೇನು, “ಕಾಫಿ ಕುಡಿದು ಹೊರಡಿ” ಅಂದಿದ್ದೇನು! ಮಮತ ಎಷ್ಟ್ ಚೆನ್ನಾಗ್ ನಾಟ್ಕ ಆಡ್ತಾಳೆ ಅಂತ ಎಲ್ರೂ ಹೊಗಳ್ತಿದ್ರು.’

ಕೊರ್ಡಾನ್ ಇಳಿಸಿದ ಬೆಲೆಯನ್ನು ಅದೇ ರಾತ್ರಿ ಆಲ್ವೆರ್‌ನವರ ಮುಂದೆ ಇಟ್ಟರಂತೆ. ಅವರೂ ಇಳಿಸಿದರಂತೆ. ಅದಕ್ಕೇ ಆ ಹೆಬ್ಬೆರಳು.

ನಾನು ಪ್ರಾಮಾಣಿಕಳಾಗಿದ್ದದ್ದು ಅವರಿಗೆ ಉಪಯೋಗಕ್ಕೆ ಬಂತು. ಗೊತ್ತಿದ್ದು ಸುಳ್ಳು ಹೇಳಿದ್ದರೆ ಸುನಿಲ್‌ಕುಮಾರ್ ನಂಬುತ್ತಿರಲಿಲ್ಲ. ಚೇರ್ಮನ್ ಚಲಪತಿಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಅವರು ನನ್ನ ವರದಿ ಓದಲಿಲ್ಲ, ನನ್ನನ್ನು ಓದಿದ್ದರು.

ಜನವರಿ 16, ಗುರುವಾರ

ರಾತ್ರಿ ಅಡಿಗೆ ಮಾಡುವಾಗ ಗಂಡ ಬಂದು ಬಾಗಿಲಲ್ಲಿ ನಿಂತ. ‘ಚಪಾತಿ ಲಟ್ಟಿಸ್ತಿದೀಯೋ, ಚಲಪತಿನ ಬಡೀತಿದೀಯೋ?’

ಬಡಿದೆ.

ಜನವರಿ 20, ಸೋಮವಾರ

ಇವತ್ತು ಚಲಪತಿಯವರ ಕೋಣೆಗೆ ಹೋಗಿ ಕೇಳಿದೆ. ಅವರು ಒಂಚೂರೂ ಗಾಬರಿಯಾಗಲಿಲ್ಲ. ‘ಕೂತ್ಕೊಳಮ್ಮ’ ಎಂದು ಗೋಡಂಬಿ ತಟ್ಟೆ ಮುಂದೆ ತಳ್ಳಿದರು.

‘ನೋಡು, ಇವತ್ತು ಆರ್ಡರ್ ಕೊಟ್ರೆ ವಿಮಾನ ಬರೋಕೆ ಐದಾರು ವರ್ಷ. ಕ್ಯೂನಲ್ಲಿ ಜಾಗ ಹಿಡೀದೆ ಹೋದ್ರೆ ನಾನು, ನೀನು, ಇಬ್ರೂ ಬಸ್ ಓಡಿಸ್ಬೇಕು. ಜಾಗ ಹಿಡ್ದೆ. ತಪ್ಪಾ?’

ಅದರಲ್ಲಿ ಹುರುಳಿದೆ. ಅವರ ಜಾಗದಲ್ಲಿದ್ದರೆ ನಾನೂ ಜಾಗ ಹಿಡಿಯುತ್ತಿದ್ದೆನೇನೋ. ಹಾಗೆಂದು ಅವರಿಗೆ ಹೇಳಿಯೂ ಹೇಳಿದೆ. ‘ಹಿಡಿದದ್ದು ತಪ್ಪಲ್ಲ ಸರ್. ಹಿಡಿದ ಮೇಲೆ ನನ್ನನ್ನು ಆ ಕಡೆ ಕಳಿಸಿದ್ದು ತಪ್ಪು. ಮತ್ತೆ ಬೇಸಿಗೆ ಮಧ್ಯಾಹ್ನ ಆ ವಿಮಾನ ಹನ್ನೆರಡು ಜನರನ್ನು ಬಿಟ್ಟೇ ಏಳಬೇಕು. ಅದು ಹಾಗೇ ಇದೆ.’

‘ಅದಕ್ಕೂ ದಾರಿ ಐತೆ.’ ನನ್ನ ಎರಡು ಪುಟ ತೆಗೆದು ಬೆರಳಿಟ್ಟರು. ‘ಇಲ್ಲಿ ನಲವತ್ತು ಡಿಗ್ರಿ ಹಾಕಿದ್ಯಲ್ಲ, ಯಾಕೆ? ವರ್ಷ ಪೂರ್ತಿ ನಲವತ್ತಿರುತ್ತಾ? ಚಳಿಗಾಲ ಇಲ್ವಾ, ಮಳೆಗಾಲ ಇಲ್ವಾ? ಸರಾಸರಿ ಹಾಕು. ಮೂವತ್ತೆರಡು. ಸುಳ್ಳಲ್ವಲ್ಲ? ಮೂವತ್ತೆರಡಕ್ಕೆ ಆಲ್ವೆರ್ ಪೂರ್ತಿ ಸೀಟು ಹೊತ್ಕೊಂಡ್ ಏಳುತ್ತೆ. ನೀನೇ ಲೆಕ್ಕ ಹಾಕಿ ನೋಡು.’

ಹಾಕಿ ನೋಡಬೇಕಿಲ್ಲ. ಏಳುತ್ತದೆ. ಸರಾಸರಿ ಮೂವತ್ತೆರಡೇ. ಆದರೆ ಕೌಂಟರಿನ ಮುಂದೆ ನಿಲ್ಲುವವರು ಯಾರೂ ಸರಾಸರಿ ದಿನದಲ್ಲಿ ಪ್ರಯಾಣ ಮಾಡುವುದಿಲ್ಲ. ಏಪ್ರಿಲಿನ ಮಂಗಳವಾರವೋ ಮೇ ತಿಂಗಳ ಶುಕ್ರವಾರವೋ ಮಾಡುತ್ತಾರೆ. ಕೊಂಡ ವಿಮಾನ ಇಪ್ಪತ್ತು ವರ್ಷ ಹಾರುತ್ತದೆ. ಇಪ್ಪತ್ತು ಬೇಸಿಗೆ.

‘ಶುಕ್ರವಾರ ಬೋರ್ಡ್ ಮೀಟಿಂಗು. ನೀನೇ ಓದ್ಬೇಕು. ನಿನ್ ಬಾಯಲ್ಲಿ ಬಂದ್ರೆ ಅವ್ರು ಎರಡನೇ ಮಾತಾಡಲ್ಲ’ ಎಂದರು ಚಲಪತಿ. ಮುಂದಿನ ತಿಂಗಳು ಯಲಹಂಕದ ಏರ್ ಶೋದಲ್ಲಿ ಸಹಿ, ಫೋಟೋ ಎಲ್ಲ ಗೊತ್ತಾಗಿದೆಯಂತೆ. ಸೂಟು ಹೊಲಿಸಿಯೂ ಆಗಿದೆ.

ಗೋಡಂಬಿ ಮುಟ್ಟದೆ ಎದ್ದು ಬಂದೆ. ಮುಟ್ಟದೆ ಬಂದದ್ದನ್ನು ದೊಡ್ಡ ಸಾಧನೆಯ ಹಾಗೆ ಇಲ್ಲಿ ಬರೆಯುತ್ತಿದ್ದೇನಲ್ಲ!

ಜನವರಿ 22, ಬುಧವಾರ

ಸುನಿಲ್‌ಕುಮಾರ್ ಅವರನ್ನು ದೊಡ್ಡಬಳ್ಳಾಪುರ ರಸ್ತೆಯ ದರ್ಶಿನಿಯಲ್ಲಿ ಭೇಟಿಯಾದೆ. ಹೇಳಬೇಕಾಗಿರಲಿಲ್ಲ, ಅವರಿಗೆ ಆಗಲೇ ಗೊತ್ತಿತ್ತು. ಆಲ್ವೆರ್‌ನವರಲ್ಲಿ ಅವರಿಗೂ ಸ್ನೇಹಿತರಿದ್ದಾರೆ. ಇಡ್ಲಿ ತಂದರು, ನನಗೂ ಒಂದು ತಟ್ಟೆ ತಂದರು. ಅದು ಇನ್ನೂ ಕಷ್ಟವಾಯಿತು.

‘ಮೇಡಂ, ನಾವು ಬರೀ ತೂಕದ ಬಟ್ಟಾ? ಆ ಕಡೆ ತಕ್ಕಡೀಲಿ ಮಾಲು, ಈ ಕಡೆ ನಾವು. ತೂಗಿದ್ಮೇಲೆ ಬಟ್ಟನ್ನ ಯಾರೂ ಮನೇಗ್ ತಗೊಂಡೋಗಲ್ಲ.’

‘ನನಗೆ ಗೊತ್ತಿರಲಿಲ್ಲ.’

‘ಇರ್ಬೋದು. ಆದ್ರೆ ನಾನ್ ಕೇಳ್ದೆ ಮೇಡಂ. ನೀವ್ ಹೇಳ್ತಿದೀರಾ ಅಂತ ಕೇಳ್ದೆ. ಹೇಳ್ತಿದ್ದೇನೆ ಅಂದ್ರಿ.’ ಚಟ್ನಿಯಲ್ಲಿ ಬೆರಳಾಡಿಸಿದರು. ‘ಹೆಡ್ಡಾಫೀಸಲ್ಲಿ ಹೇಳ್ದೆ, ಬೇರೆಯೋರ್ ಥರ ಅಲ್ಲ, ಆ ಯಮ್ಮ ಒಂದ್ ಮಾತ್ ಹೇಳಿದ್ರೆ ಹೇಳ್ದಂಗೆ ಅಂತ. ಈಗ ಅವ್ರು ನನ್ನ ನೋಡಿ ನಗ್ತಾವ್ರೆ.’

ಸಂಚಕಾರ ಎಂಬ ಮಾತು ನನಗೆ ತಪ್ಪು ತಿಳಿಯಿತು ಎಂದು ವಿವರಿಸಲು ಬಾಯಿ ತೆರೆದೆ. ಮುಚ್ಚಿದೆ. ನಿಘಂಟಿನ ನೆಪ ಹೇಳಿ ಪ್ರಯೋಜನವಿಲ್ಲ. ಮಾತು ನನ್ನದು.

ಎದ್ದು ಹೋಗುವಾಗ ಅವರು ನನ್ನ ತಟ್ಟೆಯನ್ನೂ ಎತ್ತಿಕೊಂಡು ಹೋಗಿ ತೊಟ್ಟಿಗೆ ಹಾಕಿದರು.

ಜನವರಿ 24, ಶುಕ್ರವಾರ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮುಂಬೈಯ ಇಬ್ಬರು ನಿರ್ದೇಶಕರು ಪರದೆಯ ಮೇಲಿದ್ದರು. ಕೋಣೆಯಲ್ಲಿ ಚಲಪತಿ, ರಂಜಿತ, ಇನ್ನಿಬ್ಬರು, ಮತ್ತು ಮೂಲೆಯ ಕುರ್ಚಿಯಲ್ಲಿ ವೆಂಕಟರಾಯಪ್ಪನವರು. ದೇವನಹಳ್ಳಿ ಹತ್ತಿರದ ವಿಜಯಪುರದವರು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಪ್ರತಿ ಸಭೆಯಲ್ಲೂ ಟೀಗೆ ಬಿಸ್ಕತ್ತು ಅದ್ದಿ ತಿಂದು ಕಣ್ಣು ಮುಚ್ಚಿ ಕೂರುತ್ತಾರೆ. ನಿದ್ದೆ ಎಂದೇ ಎಲ್ಲರ ನಂಬಿಕೆ.

ಚಲಪತಿಯೇ ಇಂಗ್ಲಿಷಿನಲ್ಲಿ ಶುರು ಮಾಡಿದ. ಎರಡೂ ಕಂಪನಿಗಳನ್ನು ಸಮನಾಗಿ ತೂಗಿದ್ದೇವೆ, ಮೂವತ್ತೆರಡು ಡಿಗ್ರಿಯಲ್ಲಿ ಆಲ್ವೆರ್ ಪೂರ್ತಿ ಭಾರ ಹೊರುತ್ತದೆ, ಮಮತ ಇದನ್ನು ಖಚಿತಪಡಿಸುತ್ತಾರೆ. ನನ್ನ ಕಡೆ ತಿರುಗಿ ತಲೆಯಾಡಿಸಿದ. ಮೂವತ್ತೆರಡನ್ನು ನಾನು ಹಾಕಿರಲಿಲ್ಲ. ಯಾರೋ ಹಾಕಿ ಅಚ್ಚು ಮಾಡಿಸಿದ್ದರು, ಕೆಳಗೆ ನನ್ನ ಹೆಸರು.

ಹೇಳಬೇಕಾದ್ದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ನಾಲ್ಕು ಅಂಶ, ಒಂದರ ಹಿಂದೆ ಒಂದು. ಎದ್ದು ನಿಂತೆ. ಅವನ ಮುಖ ನೋಡಿದೆ. ಬಾಯಿಂದ ಬಂದದ್ದೇ ಬೇರೆ.

‘ಆಲ್ವೆರ್‌ನೋರ್ಗೆ ಸಂಚಕಾರ ಕೊಟ್ಟು ಎಷ್ಟ್ ದಿನ ಆಯ್ತು ಸರ್?’

ರಂಜಿತ ತಲೆ ತಗ್ಗಿಸಿದಳು. ಪರದೆಯಲ್ಲಿದ್ದವರಲ್ಲಿ ಒಬ್ಬರು, ಆಕೆ ಏನನ್ನುತ್ತಿದ್ದಾರೆ ಎಂದು ಕೇಳಿದರು.

ಚಲಪತಿ ಕಣ್ಣು ಮಿಟುಕಿಸಲಿಲ್ಲ. ನಗುತ್ತಲೇ ಇಂಗ್ಲಿಷಿನಲ್ಲಿ ಹೇಳಿದ: ಸಂಚಕಾರ ಅಂದರೆ ಕನ್ನಡದಲ್ಲಿ ಅಪಾಯ. ಜೀವಕ್ಕೆ ಬರುವ ಅಪಾಯ. ಸುರಕ್ಷತೆಯ ವಿಷಯದಲ್ಲಿ ನಮ್ಮ ಮಮತ ಸ್ವಲ್ಪ ಭಾವುಕರು, ರಿಸ್ಕ್ ಬಗ್ಗೆ ಕೇಳುತ್ತಿದ್ದಾರೆ, ಒಳ್ಳೆಯ ಪ್ರಶ್ನೆ.

ನಾನು ಬಿದ್ದ ಹಳ್ಳವನ್ನೇ ಅವನು ಅವರಿಗೂ ತೋಡಿಟ್ಟಿದ್ದ. ಪರದೆಯ ಮೇಲಿನವರು ಅರ್ಥವಾದವರ ಹಾಗೆ ತಲೆದೂಗಿದರು. ಒಬ್ಬರು ರಿಸ್ಕ್ ಎಂದು ಬರೆದುಕೊಂಡರು.

ಆಗ ಮೂಲೆಯಿಂದ ದನಿ ಬಂತು.

‘ಚಲಪತಿ.’ ವೆಂಕಟರಾಯಪ್ಪನವರ ಕಣ್ಣು ಇನ್ನೂ ಮುಚ್ಚಿಯೇ ಇತ್ತು. ‘ಆ ಯಮ್ಮ ಏನು ಕೇಳ್ತು, ಇನ್ನೊಂದ್ಸಲ ಹೇಳು.’

‘ರಿಸ್ಕ್ ಸರ್, ಅಪಾಯ...’

‘ಅಪಾಯನಾ ಯಾರಾನಾ ಕೊಡ್ತಾರೇನಪ್ಪಾ? ಕೊಟ್ಟು ಎಷ್ಟ್ ದಿನ ಆಯ್ತು ಅಂತಲ್ವಾ ಕೇಳಿದ್ದು?’ ಕಣ್ಣು ಬಿಟ್ಟರು. ‘ನಾನೂ ಈ ಕಡೆಯೋನೇ. ನಿಮ್ಮಪ್ಪ ಬಸ್ ತಗೋವಾಗ ನಮ್ಮ ಬ್ಯಾಂಕ್ನಲ್ಲೇ ಸಂಚಕಾರದ ದುಡ್ಡು ತಗೊಂಡ್ ಹೋಗಿದ್ದು, ಮರ್ತ್ಬಿಟ್ಯಾ? ಹೇಳು. ಎಷ್ಟ್ ದಿನ ಆಯ್ತು? ಯಾರನ್ನ ಕೇಳಿ ಕೊಟ್ಟೆ?’

ಆಮೇಲೆ ಪರದೆಯ ಕಡೆ ತಿರುಗಿ, ನನಗಿಂತ ಒಳ್ಳೆಯ ಇಂಗ್ಲಿಷಿನಲ್ಲಿ, ಆಕೆ ಕೇಳಿದ್ದು ಮುಂಗಡದ ಬಗ್ಗೆ ಎಂದು ವಿವರಿಸಿದರು.

ನಾನು ಉಳಿದದ್ದನ್ನು ಹೇಳಿದೆ. ನಲವತ್ತು ಡಿಗ್ರಿ. ಹನ್ನೆರಡು ಜನ. ‘ನಾ ಅಷ್ಟ್ ಭಾರ ಅದೀನೇನ್ರೀ’ ಎಂದವಳ ಮಾತನ್ನು ಅವಳ ಮಾತಿನಲ್ಲೇ ಹೇಳಿ ಆಮೇಲೆ ಇಂಗ್ಲಿಷಿಗೆ ತಿರುಗಿಸಿದೆ. ಇಂಗ್ಲಿಷಿನಲ್ಲಿ ಅದು ಏನೂ ಅನ್ನಿಸಲಿಲ್ಲ. ಆದರೂ ಮುಂಬೈಯವರು ಕನ್ನಡಕ ತೆಗೆದು ಒರೆಸಿಕೊಂಡರು. ಸುನಿಲ್‌ಕುಮಾರ್ ಅವರಿಗೆ ನಾನು ಕೊಟ್ಟ ಮಾತನ್ನೂ ಹೇಳಿದೆ. ಅದನ್ನು ಯಾರೂ ಬರೆದುಕೊಳ್ಳಲಿಲ್ಲ.

ತೀರ್ಮಾನ ಮುಂದಕ್ಕೆ ಹೋಗಿದೆ. ಏರ್ ಶೋದಲ್ಲಿ ಸಹಿ ಇಲ್ಲ. ಮುಂಗಡದ ಬಗ್ಗೆ ವೆಂಕಟರಾಯಪ್ಪನವರು ವಿಚಾರಣೆ ಮಾಡುತ್ತಾರೆ. ಆಲ್ವೆರ್ ಬೇಡವೆಂದು ಯಾರೂ ಹೇಳಲಿಲ್ಲ. ಕೊನೆಗೆ ಅದನ್ನೇ ಕೊಂಡರೂ ಕೊಂಡಾರು. ಆದರೆ ನಲವತ್ತು ಡಿಗ್ರಿಯನ್ನು ನೋಡಿಯೇ ಕೊಳ್ಳಬೇಕು.

ಜನವರಿ 25, ಶನಿವಾರ

ಬೆಳಿಗ್ಗೆ ಚಲಪತಿ ಫೋನ್ ಮಾಡಿದ. ಕೂಗಾಡಲಿಲ್ಲ.

‘ದೊಡ್ಡ ದೊಡ್ಡೋರ್ನೆಲ್ಲ ಬಿಟ್ಟು ನಿನ್ನ ತಗೊಂಡಿದ್ದು ಯಾಕೆ ಗೊತ್ತಾ? ನಮ್ ಕಡೆ ಹುಡ್ಗಿ ಅಂತ. ಇಂಗ್ಲಿಷ್ ಚೆನ್ನಾಗ್ ಮಾತಾಡ್ತಾಳೆ, ನಮ್ ಮಾತ್ ಕೇಳ್ತಾಳೆ ಅಂತ.’

‘ತಗೊಂಡೆ ಅಂತೀರಲ್ಲ, ನನ್ಗೇನು ಸಂಚಕಾರ ಕೊಟ್ಟಿದ್ರಾ ಸರ್?’ ಎಂದೆ. ‘ಸಂಬ್ಳ ಕೊಟ್ರಿ, ಕೆಲ್ಸ ಮಾಡ್ದೆ. ಬೇರೆ ಯಾವ್ ಮಾತೂ ಆಗಿರ್ಲಿಲ್ಲ.’

ಫೋನ್ ಕಟ್ಟಾಯಿತು. ಗಂಡ ಅಡಿಗೆಮನೆಯಿಂದ ಇಣುಕಿ, ‘ಯಾರ ಹತ್ರ ಮಾತಾಡ್ತಿದ್ದೆ? ನಿಮ್ಮಮ್ಮನ ಹತ್ರಾನಾ?’ ಎಂದ. ಯಾಕೆ ಹಾಗೆ ಕೇಳಿದನೋ.

ಜನವರಿ 30, ಗುರುವಾರ

ಸೋಂಪುರಕ್ಕೆ ವರ್ಗವಾಗಿದೆ. ಬಿಡಿಭಾಗಗಳ ಗೋದಾಮು ಅಲ್ಲಿದೆ. ವಿಚಾರಣೆ ಮುಗಿಯುವವರೆಗೆ ತಾತ್ಕಾಲಿಕ ಎಂದು ಬರೆದಿದ್ದಾರೆ. ದಾಬಸ್‌ಪೇಟೆಯ ಲಾರಿಗಳ ಮಧ್ಯೆ ದಿನಾ ಹೋಗಿ ಬರಬೇಕು. ರಾಜೀನಾಮೆ ಕೊಡಲಿ ಎಂದೇ ಕಳಿಸಿರುವುದು. ಕೊಡುವುದಿಲ್ಲ. ವಿಚಾರಣೆಯಲ್ಲಿ ನನ್ನನ್ನು ಕರೆದಾಗ ನಾನು ಈ ಕಂಪನಿಯಲ್ಲಿಯೇ ಇರಬೇಕು.

ಸಂಜೆ ಬೋರ್ಡ್ ಸಭೆಯ ನಡಾವಳಿಯ ಕರಡು ಬಂತು, ಒಪ್ಪಿಗೆ ಕೊಡಿ ಎಂದು. ಇಂಗ್ಲಿಷಿನಲ್ಲಿ ನೀಟಾಗಿತ್ತು. ‘ಶ್ರೀಮತಿ ಮಮತ ಅವರು ರಿಸ್ಕ್ ಕುರಿತು ಪ್ರಶ್ನೆ ಎತ್ತಿದರು.’ ಅಷ್ಟೇ.

ರಂಜಿತ ಫೋನ್ ಮಾಡಿದಳು. ‘ಒಪ್ಕೊಂಬಿಡೇ. ಒಂದು ಪದ ತಾನೆ? ಸೋಂಪುರದಿಂದ ವಾಪಸ್ ಕರ್ಸೋಕೆ ಅವ್ರಿಗೂ ಒಂದು ನೆಪ ಸಿಗುತ್ತೆ.’

‘ಒಂದು ಪದಾನೇ ಕಣೆ’ ಎಂದೆ.

ರಿಸ್ಕ್ ಎಂಬುದನ್ನು ಹೊಡೆದು ಹಾಕಿದೆ. ಆ ಜಾಗದಲ್ಲಿ, ಇಂಗ್ಲಿಷ್ ಸಾಲಿನ ನಡುವೆ, ಕನ್ನಡ ಅಕ್ಷರದಲ್ಲಿ ಸಂಚಕಾರ ಎಂದು ಬರೆದು ಕಳಿಸಿದೆ. ಅರ್ಥ ಬರೆಯಲಿಲ್ಲ. ಗೊತ್ತಿಲ್ಲದವರು ಫೋನ್ ಮಾಡಿ ಕೇಳಲಿ. ಸೋಂಪುರದಲ್ಲೇ ಇರ್ತೀನಿ, ಹೇಳ್ತೀನಿ.